ಬಾಳೆಹಣ್ಣಿನ ನುಸಿಯ ಮಿದುಳಲ್ಲಿ ಯಾರು ಯಾರ ಕೂಗು ಕೇಳುತ್ತಾರೆ: ಮನೆಯಲ್ಲೇ ನೋಡಿ ಕಲಿಯುವ ದಾರಿ

ಮಲೆನಾಡಿನಲ್ಲಿ ಮೇ ತಿಂಗಳು ಬಂತೆಂದರೆ ಸಾಕು, ಹಲಸಿನ ಹಣ್ಣು ಬಿಡಿಸಿ ಅರ್ಧ ಗಂಟೆ ಆಗಿರುವುದಿಲ್ಲ, ಎಲ್ಲಿಂದಲೋ ಸಣ್ಣ ನುಸಿ ಬಂದು ಮುತ್ತಿಕೊಳ್ಳುತ್ತದೆ. ಕೈ ಬೀಸಿ ಓಡಿಸುತ್ತೇವೆ. ಮತ್ತೆ ಬರುತ್ತದೆ. ಆ ನುಸಿಯ ತಲೆಯೊಳಗೆ ಗಸಗಸೆ ಕಾಳಿಗಿಂತ ಚಿಕ್ಕ ಮಿದುಳಿದೆ. ಅದರಲ್ಲಿರುವ ಒಂದೊಂದು ನರಕೋಶವನ್ನೂ, ಅವುಗಳ ನಡುವಿನ ಸಂಪರ್ಕಗಳನ್ನೂ ವಿಜ್ಞಾನಿಗಳು 2024ರಲ್ಲಿ ನಕ್ಷೆ ಮಾಡಿ ಮುಗಿಸಿದರು. ನರಕೋಶಗಳು 1,39,255. ಸಂಪರ್ಕಗಳು ಐದು ಕೋಟಿಗೂ ಹೆಚ್ಚು. ನಾನು ತೀರ್ಥಹಳ್ಳಿ ಕಡೆಯವನು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ಸುದ್ದಿ ಓದಿದ ದಿನ ಅಡುಗೆಮನೆಯ ಬಾಳೆಗೊನೆ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ.

ಆದರೆ ನಕ್ಷೆ ಒಂದೇ ಸಾಲದು. ಯಾವ ಕೋಶ ಯಾವ ಕೋಶಕ್ಕೆ ತಾಗಿಕೊಂಡಿದೆ ಅಂತ ನಕ್ಷೆ ಹೇಳುತ್ತದೆ. ಒಂದು ಕೋಶ ರಾಸಾಯನಿಕ ಸುರಿಸಿದಾಗ ಪಕ್ಕದ ಕೋಶ ಎದ್ದು ಕೂರುತ್ತದೋ, ಸುಮ್ಮನಾಗುತ್ತದೋ ಎನ್ನುವುದು ಪಕ್ಕದ ಕೋಶದ ಮೇಲಿರುವ ರಿಸೆಪ್ಟರ್ ಮೇಲೆ ನಿಂತಿದೆ. ನಮ್ಮ ತೋಟದಲ್ಲಿ ಮಧ್ಯಾಹ್ನ ಒಬ್ಬರು ‘ಕೂ’ ಹಾಕುತ್ತಾರೆ ಅಂದುಕೊಳ್ಳಿ. ಕೆಲಸದವರು ಊಟಕ್ಕೆ ಎದ್ದು ಬರುತ್ತಾರೆ. ಅಡಿಕೆ ಮರದ ಮೇಲಿದ್ದ ಮಂಗ ಅದೇ ಕೂಗಿಗೆ ಕದಲದೆ ಕೂತುಬಿಡುತ್ತದೆ. ನಾಯಿ ಬೊಗಳುತ್ತದೆ. ಕೂಗು ಒಂದೇ, ಕೇಳಿದವರು ಬೇರೆ. ನ್ಯೂರೋಟ್ರಾನ್ಸ್‌ಮಿಟರ್ ಅಂದರೆ ಆ ಕೂಗು. ರಿಸೆಪ್ಟರ್ ಅಂದರೆ ಕೇಳುವ ಕಿವಿ. ಕೂಗಿಗೆ ಅರ್ಥ ಬರುವುದು ಕಿವಿಯಲ್ಲಿ. ಇದೊಂದು ಮಾತು ಮನಸ್ಸಿಗೆ ಇಳಿಯಲಿ ಅಂತಲೇ ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ. ಕೆಲವು ಬಾಟಲಿ, ಒಂದಿಷ್ಟು ರವೆ, ಬೆಲ್ಲ, ಒಂದೆರಡು ತಿಂಗಳ ತಾಳ್ಮೆ ಇದ್ದರೆ ಸಾಕು.

ಮೊದಲು ಯಾವ ನುಸಿ ಅಂತ ಗುರುತು ಹಿಡಿಯಿರಿ

ರೈತರು ‘ಹಣ್ಣು ನೊಣ’ ಅನ್ನುವುದು ಬೇರೆ. ಅದು ಮಾವು, ಹಾಗಲ, ಸೌತೆಗೆ ಚುಚ್ಚಿ ಮೊಟ್ಟೆ ಇಡುವ, ಹೆಚ್ಚುಕಡಿಮೆ ಮನೆನೊಣದಷ್ಟೇ ದಪ್ಪಗಿನ, ಹಳದಿ ಗುರುತಿರುವ ನೊಣ. ನಮಗೆ ಬೇಕಾದದ್ದು ಅದಲ್ಲ. ಎರಡೂವರೆ–ಮೂರು ಮಿಲಿಮೀಟರ್ ಉದ್ದದ, ಕಂದು ಮೈಯ, ಕೆಂಪು ಕಣ್ಣಿನ, ಕೊಳೆಯಲು ಶುರುವಾದ ಹಣ್ಣಿಗೆ ಮುತ್ತುವ ಡ್ರೊಸೊಫಿಲ. ಪ್ರಪಂಚದ ಲ್ಯಾಬ್‌ಗಳಲ್ಲಿ ಜಾಸ್ತಿ ಸಾಕುವುದು ಡ್ರೊಸೊಫಿಲ ಮೆಲನೊಗ್ಯಾಸ್ಟರ್ ಎಂಬ ಜಾತಿಯನ್ನು. ನಿಮ್ಮ ಬಾಟಲಿಗೆ ಬೀಳುವುದೆಲ್ಲ ಅದೇ ಆಗಿರುವುದಿಲ್ಲ. ಅನನಾಸೆ, ನಸೂಟ ಅಂತ ಇನ್ನೂ ಹಲವು ಜಾತಿಗಳು ನಮ್ಮ ಕಡೆ ಇವೆ. ಚಿಂತೆ ಮಾಡಬೇಡಿ, ಕೆಳಗೆ ಹೇಳಿದ ಪರೀಕ್ಷೆಗಳನ್ನು ಇವುಗಳ ಮೇಲೂ ಮಾಡಿ ನೋಡಬಹುದು. ಶುದ್ಧ ತಳಿಯೇ ಬೇಕೆಂದರೆ, ನೀವು ಕಾಲೇಜಿನಲ್ಲಿದ್ದರೆ, ಮೈಸೂರು ವಿಶ್ವವಿದ್ಯಾಲಯದ ಡ್ರೊಸೊಫಿಲ ಸ್ಟಾಕ್ ಸೆಂಟರಿಗೆ ಕಾಲೇಜಿನ ಕಡೆಯಿಂದ ಪತ್ರ ಬರೆದು ಕೇಳಿ ನೋಡಿ.

ಹಿಡಿಯುವುದು

ಇದು ಸುಲಭ. ಅಗಲ ಬಾಯಿಯ ಗಾಜಿನ ಬಾಟಲಿ ತೆಗೆದುಕೊಂಡು ಕಪ್ಪಾದ ಬಾಳೆಹಣ್ಣಿನ ತುಂಡು ಹಾಕಿ. ಕಾಗದವನ್ನು ಆಲಿಕೆಯ ಹಾಗೆ ಸುತ್ತಿ, ಸಣ್ಣ ತುದಿ ಕೆಳಗೆ ಬರುವಂತೆ ಬಾಯಿಗೆ ಸಿಕ್ಕಿಸಿ. ಸಂಜೆ ಅಡುಗೆಮನೆಯ ಕಿಟಕಿ ಹತ್ತಿರ ಇಟ್ಟರೆ ಬೆಳಗ್ಗೆ ಇಪ್ಪತ್ತು ಮೂವತ್ತು ನುಸಿ ಒಳಗಿರುತ್ತವೆ. ಒಳಗೆ ಹೋಗಲು ದಾರಿ ಸಿಗುತ್ತದೆ, ಹೊರಗೆ ಬರಲು ಸಿಗುವುದಿಲ್ಲ.

ಆಹಾರ: ಎಲ್ಲರೂ ಎಡವುವುದು ಇಲ್ಲೇ

ಮೊದಲ ಸಲ ನಾನು ಬಾಟಲಿಗೆ ಹಲಸಿನ ತೊಳೆ ಹಾಕಿಟ್ಟಿದ್ದೆ. ಮೂರನೇ ದಿನಕ್ಕೆ ಅದು ನೀರು ಬಿಟ್ಟು, ನುಸಿಗಳೆಲ್ಲ ಮುಳುಗಿ ಸತ್ತವು. ಹಣ್ಣು ಹಿಡಿಯುವುದಕ್ಕೆ ಮಾತ್ರ, ಸಾಕುವುದಕ್ಕಲ್ಲ. ನಮ್ಮ ಕಡೆಯ ಲ್ಯಾಬ್‌ಗಳಲ್ಲಿ ರವೆ–ಬೆಲ್ಲದ ಗಟ್ಟಿ ಗಂಜಿ ಮಾಡುತ್ತಾರೆ. ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಬೂಷ್ಟು ಬಾರದಿರಲು 7.5 ಮಿಲಿ ಪ್ರೊಪಿಯಾನಿಕ್ ಆಮ್ಲ. ಮನೆಯಲ್ಲಿ ಕಾಲು ಲೀಟರ್ ಲೆಕ್ಕ ಸಾಕು: ರವೆ 25 ಗ್ರಾಂ, ಬೆಲ್ಲ 25 ಗ್ರಾಂ, ಅಗರ್ ಎರಡೂವರೆ ಗ್ರಾಂ. ಅಗರ್ ಕೇಳಿದರೆ ಕೆಲವು ಅಂಗಡಿಯವರಿಗೆ ಗೊತ್ತಾಗುವುದಿಲ್ಲ, ‘ಚೈನಾ ಗ್ರಾಸ್’ ಅನ್ನಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನಗೆ ಸಿಕ್ಕಿದ್ದು ಹಾಗೆ ಕೇಳಿದ ಮೇಲೆ.

ಅರ್ಧ ನೀರಿನಲ್ಲಿ ಅಗರ್ ಕುದಿಸಿ ಕರಗಿಸಿ. ಬೆಲ್ಲ ಹಾಕಿ ಸೋಸಿಕೊಳ್ಳಿ, ಬೆಲ್ಲದಲ್ಲಿ ಕಸ ಇದ್ದೇ ಇರುತ್ತದೆ. ಉಳಿದ ತಣ್ಣೀರಿನಲ್ಲಿ ರವೆ ಕಲಸಿ, ಗಂಟಾಗದಂತೆ ಸುರಿಯುತ್ತಾ ಕೈಯಾಡಿಸಿ. ಕೇಸರಿಬಾತಿಗಿಂತ ತೆಳ್ಳಗೆ, ಗಂಜಿಗಿಂತ ಗಟ್ಟಿಯಾಗಿ ಬಂದಾಗ ಇಳಿಸಿ. ಪ್ರೊಪಿಯಾನಿಕ್ ಆಮ್ಲದ ಆವಿ ಕಣ್ಣು ಮೂಗಿಗೆ ಉರಿ, ಮನೆಯಲ್ಲಿ ಅದು ಬೇಡ. ಸ್ವಲ್ಪ ಆರಿದ ಮೇಲೆ ಎರಡು ಚಮಚ ವಿನೆಗರ್ ಸೇರಿಸಿ. ಅಷ್ಟು ಗಟ್ಟಿ ಕೆಲಸ ಮಾಡುವುದಿಲ್ಲ, ಆದರೂ ಆದೀತು. ಕುದಿಸಿ ಒಣಗಿಸಿದ ಬಾಟಲಿಗಳಿಗೆ ಒಂದಂಗುಲ ಎತ್ತರ ಹಾಕಿ, ಬಟ್ಟೆ ಮುಚ್ಚಿ ಪೂರ್ತಿ ತಣಿಯಲು ಬಿಡಿ. ಒಳಗೋಡೆಯ ಹನಿ ನೀರು ಒರೆಸಿ. ಮೇಲೆ ಬೇಕರಿ ಯೀಸ್ಟ್ ಒಂದು ಚಿಟಿಕೆ ಉದುರಿಸಿ, ಒಂದು ತುಂಡು ಟಿಶ್ಯೂ ಪೇಪರ್ ಸಿಕ್ಕಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಬಿರಡೆ ಹಾಕಿ.

ಮಳೆಗಾಲದ ಬಗ್ಗೆ ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ನುಸಿಯ ಗಂಜಿಗೆ ಬಾರದೇ ಇರುತ್ತದೆಯೇ? ಒಂದೇ ಬಾಟಲಿ ನಂಬಬೇಡಿ, ಮೂರು ಇಡಿ. ಬೂಷ್ಟು ಕಂಡ ಬಾಟಲಿಯಿಂದ ನುಸಿಗಳನ್ನು ಅವತ್ತೇ ಹೊಸದಕ್ಕೆ ದಾಟಿಸಿ. ಒಲೆಯ ಹತ್ತಿರದ ಗೂಡು ಒಳ್ಳೆಯ ಜಾಗ, ಬಿಸಿ ತಾಗದಷ್ಟು ದೂರವಿರಲಿ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನುಸಿ ಆಗಲು ಹತ್ತು ದಿನ ಸಾಕು, 18 ಡಿಗ್ರಿಗೆ ಇಳಿದರೆ ಹತ್ತಿರ ಹತ್ತಿರ ಎರಡು ಪಟ್ಟು ಸಮಯ ಹಿಡಿಯುತ್ತದೆ.

ಮತ್ತೊಂದು ಎಚ್ಚರಿಕೆ. ನುಸಿ ಇಟ್ಟ ಕೋಣೆಯಲ್ಲಿ ಸೊಳ್ಳೆ ಓಡಿಸುವ ಲಿಕ್ವಿಡ್ ಮಷಿನ್ ಹಾಕಬೇಡಿ. ನಾನು ಒಂದು ರಾತ್ರಿ ಮರೆತು ಹಾಕಿದ್ದೆ, ಬೆಳಗ್ಗೆ ಮೂರೂ ಬಾಟಲಿ ಖಾಲಿಯಾದ ಹಾಗೆಯೇ. ಆ ಮದ್ದು ಪೈರೆಥ್ರಾಯ್ಡ್ ಗುಂಪಿನದು. ಅದು ಹಿಡಿಯುವುದು ರಿಸೆಪ್ಟರನ್ನಲ್ಲ, ನರದ ಉದ್ದಕ್ಕೂ ಇರುವ ಸೋಡಿಯಂ ಬಾಗಿಲುಗಳನ್ನು. ಮುಚ್ಚಬೇಕಾದ ಬಾಗಿಲು ತೆರೆದೇ ನಿಲ್ಲುತ್ತದೆ, ನರ ಬಿಡುವಿಲ್ಲದೆ ಮಿಡಿಯುತ್ತದೆ, ನುಸಿ ನಡುಗಿ ಬೀಳುತ್ತದೆ.

ಹತ್ತಿರದಿಂದ ನೋಡುವುದು

ಬಾಟಲಿಯನ್ನು ಐಸ್ ತುಂಡುಗಳ ನಡುವೆ ಕೆಲವು ನಿಮಿಷ ಇಡಿ. ನುಸಿಗಳು ಅಲುಗದೆ ಬಿದ್ದುಕೊಳ್ಳುತ್ತವೆ. ತಣ್ಣನೆಯ ತಟ್ಟೆಗೆ ಬಿಳಿ ಕಾಗದ ಹಾಸಿ ಸುರಿದು, ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್‌ನಲ್ಲಿ ನೋಡಿ. ಮೆಲನೊಗ್ಯಾಸ್ಟರ್ ಆದರೆ ಗಂಡು ಚಿಕ್ಕದು, ಹೊಟ್ಟೆಯ ತುದಿ ಕಪ್ಪಗೆ, ಗುಂಡಗೆ. ಹೆಣ್ಣು ದೊಡ್ಡದು, ತುದಿ ಚೂಪು, ಹೊಟ್ಟೆ ಮೇಲೆ ತುದಿಯವರೆಗೂ ಪಟ್ಟೆ. ಐಸ್‌ನಿಂದ ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಮೊದಲು ಒಂದು ಕಾಲು ಮಿಡಿಯುತ್ತದೆ, ಆಮೇಲೆ ಆರೂ. ಕಳೆದ ವರ್ಷ ರಜೆಗೆ ಬಂದಿದ್ದ ಅಕ್ಕನ ಮಗಳು ಲೆನ್ಸ್ ಕಣ್ಣಿಗೆ ಒತ್ತಿಕೊಂಡು ನೋಡುತ್ತಿದ್ದವಳು ಪಿಸುಗುಟ್ಟಿದಳು: “ಮಾವಾ, ಇದು ಎದ್ದ ತಕ್ಷಣ ಕೈ ತೊಳ್ಕೊಳ್ತಾ ಇದೆ!” ನಾನೂ ನೋಡಿದೆ. ಮುಂಗಾಲು ಎರಡನ್ನೂ ಉಜ್ಜಿ, ಕಣ್ಣು ಒರೆಸಿ, ಮತ್ತೆ ಉಜ್ಜಿತು. ಅಷ್ಟು ಚಿಕ್ಕ ಜೀವಕ್ಕೆ ಅಷ್ಟು ಅಚ್ಚುಕಟ್ಟು.

ಮೊದಲ ಪರೀಕ್ಷೆ: ಹತ್ತುವುದು

ಉದ್ದನೆಯ ಗಾಜಿನ ನಳಿಗೆ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗೆ ಹತ್ತು ನುಸಿ ಬಿಡಿ. ಕೆಳಗಿನಿಂದ 8 ಸೆಂಟಿಮೀಟರ್ ಎತ್ತರಕ್ಕೆ ಗೆರೆ ಎಳೆಯಿರಿ. ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ ಎಲ್ಲವನ್ನೂ ಕೆಳಗೆ ಬೀಳಿಸಿ. ಹತ್ತು ಸೆಕೆಂಡಿನಲ್ಲಿ ಎಷ್ಟು ಗೆರೆ ದಾಟಿದವು ಎಣಿಸಿ. ಒಂದು ನಿಮಿಷ ಬಿಟ್ಟು ಮತ್ತೆ ಮಾಡಿ, ಹೀಗೆ ಐದು ಸಲ. ಬಿದ್ದ ನುಸಿ ಮೇಲಕ್ಕೇ ಹತ್ತುತ್ತದೆ, ಅದರ ಹುಟ್ಟುಗುಣ. ಒಂದು ವಾರದ ನುಸಿಗಳನ್ನೂ ಐದು ವಾರದ ನುಸಿಗಳನ್ನೂ ಹೋಲಿಸಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ನಿಧಾನವಾಗಿ ಓಡಿಸಿ ಎಣಿಸಿದರೆ ಜಗಳವಿಲ್ಲ.

ಈಗ ಆ ಹತ್ತು ಸೆಕೆಂಡಿನಲ್ಲಿ ಒಳಗೆ ಏನಾಯಿತು ನೋಡೋಣ. ನುಸಿಯ ಮಿದುಳಿನಲ್ಲಿ ‘ಏಳು’ ಅನ್ನುವ ಮುಖ್ಯ ಕೂಗು ಅಸಿಟೈಲ್‌ಕೋಲಿನ್. ಅದನ್ನು ಕೇಳುವ ಒಂದು ದೊಡ್ಡ ಗುಂಪು ನಿಕೋಟಿನಿಕ್ ರಿಸೆಪ್ಟರ್‌ಗಳು. ಐದು ಪ್ರೋಟೀನ್ ತುಂಡು ಸೇರಿ ಒಂದು ಬಾಗಿಲು. ನುಸಿಯಲ್ಲಿ ಹತ್ತು ಬಗೆಯ ತುಂಡುಗಳಿವೆ, ಯಾವ ಐದು ಸೇರಿದವು ಎನ್ನುವುದರ ಮೇಲೆ ಬಾಗಿಲಿನ ಗುಣ. ಆದರೆ ನರ ಬಂದು ಕಾಲಿನ ಸ್ನಾಯುವನ್ನು ಮುಟ್ಟುವ ಜಾಗದಲ್ಲಿ ಕೂಗು ಬದಲಾಗುತ್ತದೆ, ಅಲ್ಲಿ ಗ್ಲುಟಮೇಟ್. ನಮ್ಮಲ್ಲಿ ಸರಿಯಾಗಿ ಉಲ್ಟಾ: ನಮ್ಮ ಮಿದುಳಿನ ಮುಖ್ಯ ‘ಏಳು’ ಗ್ಲುಟಮೇಟ್, ಸ್ನಾಯುವಿನ ಹತ್ತಿರ ಅಸಿಟೈಲ್‌ಕೋಲಿನ್.

ಇಲ್ಲಿ ಸ್ವಲ್ಪ ನಿಲ್ಲಿ, ನನಗೆ ಬಹಳ ಇಷ್ಟವಾದ ಸಂಗತಿ ಇದು. ನುಸಿಯ ಸ್ನಾಯುವಿನ ಮೇಲೆ ಗ್ಲುಟಮೇಟ್ ಬಿದ್ದರೆ ಅಲ್ಲಿನ ರಿಸೆಪ್ಟರ್ ಧನ ಅಯಾನುಗಳನ್ನು ಒಳಗೆ ಬಿಡುತ್ತದೆ, ಸ್ನಾಯು ಸೆಳೆದುಕೊಳ್ಳುತ್ತದೆ. ಅದೇ ಗ್ಲುಟಮೇಟ್ ಮಿದುಳಿನ ವಾಸನೆಯ ಭಾಗದಲ್ಲಿ ಬಿದ್ದರೆ? ಅಲ್ಲಿನ ಕೋಶಗಳ ಮೇಲೆ ಕ್ಲೋರೈಡ್ ಒಳಬಿಡುವ ಬೇರೆ ರಿಸೆಪ್ಟರ್ ಇದೆ. ಕೋಶ ಸುಮ್ಮನಾಗುತ್ತದೆ. ಒಂದೇ ಅಣು, ಒಂದು ಕಡೆ ‘ಏಳು’, ಇನ್ನೊಂದು ಕಡೆ ‘ಕೂತ್ಕೋ’. ‘ಗ್ಲುಟಮೇಟ್ ಏನು ಮಾಡುತ್ತದೆ’ ಅಂತ ಯಾರಾದರೂ ಕೇಳಿದರೆ, ‘ಎಲ್ಲಿ, ಯಾವ ರಿಸೆಪ್ಟರ್ ಮೇಲೆ’ ಅಂತ ತಿರುಗಿ ಕೇಳಿ.

ಎರಡನೇ ಪರೀಕ್ಷೆ: ಬೆಳಕು

ಒಂದೇ ಅಳತೆಯ ಎರಡು ಬಾಟಲಿ, ಬಾಯಿಗೆ ಬಾಯಿ ಸೇರಿಸಿ ಟೇಪ್ ಸುತ್ತಿ. ಒಂದಕ್ಕೆ ಕಪ್ಪು ಕಾಗದ ಹೊದಿಸಿ, ನುಸಿಗಳನ್ನು ಅದರೊಳಗೆ ಕುಟ್ಟಿ ಇಳಿಸಿ, ಇನ್ನೊಂದನ್ನು ಕಿಟಕಿಯ ಕಡೆ ಮಾಡಿ ಅಡ್ಡ ಮಲಗಿಸಿ. ಅರ್ಧ ನಿಮಿಷದಲ್ಲಿ ಎಷ್ಟು ಬೆಳಕಿಗೆ ಬಂದವು ಬರೆದುಕೊಳ್ಳಿ. ನುಸಿಯ ಕಣ್ಣಿನ ಕೋಶಗಳು ಬೆಳಕು ಬಿದ್ದಾಗ ಹಿಸ್ಟಮಿನ್ ಸುರಿಸುತ್ತವೆ. ಸೊಳ್ಳೆ ಕಚ್ಚಿದ ಜಾಗ ಕೆರೆಯುತ್ತದಲ್ಲ, ಅದರ ಹಿಂದೆ ಇರುವ ಅದೇ ಹಿಸ್ಟಮಿನ್. ನುಸಿಯಲ್ಲಿ ಅದನ್ನು ಕೇಳುವ ರಿಸೆಪ್ಟರಿನ ಹೆಸರು ‘ಓರ್ಟ್’, ಅದೂ ಕ್ಲೋರೈಡ್ ಬಾಗಿಲು. ಅಂದರೆ ಬೆಳಕು ಬಿದ್ದಾಗ ಮುಂದಿನ ಕೋಶ ತಗ್ಗುತ್ತದೆ, ಆ ತಗ್ಗುವುದನ್ನೇ ಮಿದುಳು ‘ಬೆಳಕು’ ಅಂತ ಓದುತ್ತದೆ. ನಮ್ಮ ಚರ್ಮದಲ್ಲಿ ಅದೇ ಅಣುವನ್ನು ಕೇಳುವ ರಿಸೆಪ್ಟರ್ ಬೇರೆ ಜಾತಿಯದು, ಆದ್ದರಿಂದ ನಮಗೆ ಅದು ತುರಿಕೆ.

ಮೂರನೇ ಪರೀಕ್ಷೆ: ಕಾಫಿ ಮತ್ತು ನಿದ್ದೆ

ನುಸಿಗೂ ನಿದ್ದೆ ಇದೆ. 2000ದಲ್ಲಿ ಅಮೆರಿಕದ ಎರಡು ತಂಡಗಳು ಅದನ್ನು ತೋರಿಸಿದವು. ಐದು ನಿಮಿಷ ಅಲುಗದೆ ನಿಂತರೆ ನಿದ್ದೆ ಅಂತ ಲೆಕ್ಕ. ಒಂದಿಷ್ಟು ಗಂಜಿಗೆ ಪ್ರತಿ 100 ಮಿಲಿಗೆ 3 ಗ್ರಾಂ ಇನ್‌ಸ್ಟಂಟ್ ಕಾಫಿ ಪುಡಿ ಸೇರಿಸಿ, ಚಿಕೋರಿ ಇಲ್ಲದ್ದು. ನಮ್ಮ ಕಡೆ ಫಿಲ್ಟರ್ ಪುಡಿಗೆ ಚಿಕೋರಿ ಬೆರೆಸುವುದೇ ರೂಢಿ, ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಅದರಿಂದ ಲೆಕ್ಕ ಹಿಡಿಯಲಾಗುವುದಿಲ್ಲ. ಸಾದಾ ಗಂಜಿಯ ಬಾಟಲಿಯಲ್ಲಿ ಹತ್ತು ಹೆಣ್ಣು, ಕಾಫಿ ಬಾಟಲಿಯಲ್ಲಿ ಹತ್ತು ಹೆಣ್ಣು. ಎರಡನೇ ರಾತ್ರಿ ಹತ್ತು ಗಂಟೆಗೆ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಮೂರು ಸುತ್ತು ಸುತ್ತಿಕೊಂಡು ಕೂರಿ. ಕೆಂಪು ಬೆಳಕು ನುಸಿಗೆ ಸರಿಯಾಗಿ ಕಾಣುವುದಿಲ್ಲ. ಅರ್ಧ ಗಂಟೆ, ಪ್ರತಿ ನಿಮಿಷಕ್ಕೊಮ್ಮೆ ಎಷ್ಟು ಅಲುಗುತ್ತಿವೆ ಎಣಿಸಿ. ಆಗುಂಬೆ ಕಡೆಯಿಂದ ಮಳೆ ಹೊಯ್ಯುವ ರಾತ್ರಿ ಇದನ್ನು ಮಾಡಿ ನೋಡಿ, ಸಾದಾ ಬಾಟಲಿಯವು ಗೋಡೆಗೆ ಅಂಟಿಸಿದ ಎಳ್ಳಿನ ಹಾಗೆ ನಿಂತಿರುತ್ತವೆ.

ಕಾಫಿ ಬಾಟಲಿಯವು ಜಾಸ್ತಿ ಓಡಾಡಿದರೆ ತಕ್ಷಣ ‘ಕೆಫೀನ್ ಕೆಲಸ ಮಾಡಿತು’ ಅಂದುಬಿಡಬೇಡಿ. ಕೆಫೀನ್ ನುಸಿಗೂ ಕಹಿ. ಅವು ತಿನ್ನದೇ ಇದ್ದಿರಬಹುದು, ಹಸಿದ ನುಸಿಯೂ ನಿದ್ದೆಗೆಡುತ್ತದೆ. ಇದಕ್ಕೆ ಲ್ಯಾಬಿನವರೂ ಬಳಸುವ ಉಪಾಯ: ಎರಡೂ ಗಂಜಿಗೆ ಅಡುಗೆಯ ನೀಲಿ ಬಣ್ಣ ನಾಲ್ಕು ಹನಿ ಹಾಕಿ. ಮರುದಿನ ಐಸ್ ಮೇಲೆ ಮಲಗಿಸಿ ಹೊಟ್ಟೆ ನೋಡಿ. ಎರಡು ಬಾಟಲಿಯವಕ್ಕೂ ಹೊಟ್ಟೆ ಒಂದೇ ಥರ ನೀಲಿಯಾಗಿದ್ದರೆ ಮಾತ್ರ ನಿಮ್ಮ ಎಣಿಕೆಗೆ ಬೆಲೆ.

ನಮಗೆ ಕಾಫಿಯಿಂದ ನಿದ್ದೆ ಹೋಗುವುದು, ‘ಮಲಗು’ ಅನ್ನುವ ಅಡಿನೊಸಿನ್ ಕೂಗಿನ ರಿಸೆಪ್ಟರುಗಳನ್ನು ಕೆಫೀನ್ ಅಡ್ಡಗಟ್ಟುವುದರಿಂದ. ನುಸಿಯಲ್ಲಿಯೂ ಅದೇ ಅಂದುಕೊಂಡಿದ್ದರು. ಆದರೆ ಅಡಿನೊಸಿನ್ ರಿಸೆಪ್ಟರ್ ತೆಗೆದುಹಾಕಿದ ನುಸಿಗೂ ಕೆಫೀನ್ ನಿದ್ದೆ ಕೆಡಿಸಿತು. ಅಲ್ಲಿ ದಾರಿ ಡೋಪಮಿನ್ ಎಂಬ ಇನ್ನೊಂದು ಕೂಗಿನ ಕಡೆಯಿಂದ, ಅದರ ಒಂದು ರಿಸೆಪ್ಟರ್ ಡಾಪ್1ಆರ್1 ಮೂಲಕ ಎಂದು ಸಂಶೋಧನೆಗಳು ತೋರಿಸಿವೆ. ಡೋಪಮಿನ್‌ಗೆ ನುಸಿಯಲ್ಲಿ ನಾಲ್ಕು ರಿಸೆಪ್ಟರ್‌ಗಳಿವೆ. ವಾಸನೆ ನೆನಪಿಟ್ಟುಕೊಳ್ಳುವ ಭಾಗದಲ್ಲಿ, ಅಂದರೆ ಅಣಬೆಯ ಆಕಾರ ಇರುವುದರಿಂದ ‘ಮಶ್ರೂಮ್ ಬಾಡಿ’ ಅನ್ನುವ ಜಾಗದಲ್ಲಿ, ಡಾಪ್1ಆರ್1 ಇಲ್ಲದ ನುಸಿ ಪಾಠ ಕಲಿಯುವುದಿಲ್ಲ. ಡಾಪ್1ಆರ್2 ಇಲ್ಲದ ನುಸಿ ಕಲಿತದ್ದನ್ನು ಬೇಗ ಮರೆಯುವುದಿಲ್ಲ. ಕಲಿಯುವುದಕ್ಕೂ ಡೋಪಮಿನ್, ಮರೆಯುವುದಕ್ಕೂ ಡೋಪಮಿನ್.

ಮನೆಯಲ್ಲಿ ಮಾಡಬಾರದ್ದು

ಕೀಟನಾಶಕ ಹಾಕಿ ಪರೀಕ್ಷೆ ಮಾಡಬೇಡಿ, ಮಕ್ಕಳಿಗಂತೂ ಬಿಡಲೇಬೇಡಿ. ತಂಬಾಕಿನ ನೀರೂ ಬೇಡ, ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಆದರೆ ತೋಟಕ್ಕೆ ಹೊಡೆಯುವ ಮದ್ದುಗಳು ಯಾವ ರಿಸೆಪ್ಟರ್ ಹಿಡಿಯುತ್ತವೆ ಅಂತ ತಿಳಿದಿರಬೇಕು. ಇಮಿಡಾಕ್ಲೋಪ್ರಿಡ್ ಹಿಡಿಯುವುದು ಮೇಲೆ ಹೇಳಿದ ನಿಕೋಟಿನಿಕ್ ರಿಸೆಪ್ಟರನ್ನು. ಆ ರಿಸೆಪ್ಟರ್ ಜೇನುನೊಣದಲ್ಲಿಯೂ ಇದೆ, ಆದ್ದರಿಂದ ಹೂ ಬಿಟ್ಟಾಗ ಹೊಡೆದರೆ ತುಡುವೆ ಗೂಡಿಗೆ ಏಟು. ಫಿಪ್ರೊನಿಲ್, 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧವಾದ ಎಂಡೋಸಲ್ಫಾನ್ ಹಿಡಿಯುವುದು ಗಾಬಾ ಎಂಬ ‘ಕೂತ್ಕೋ’ ಕೂಗಿನ ರಿಸೆಪ್ಟರನ್ನು. ತಡೆಯುವವರಿಲ್ಲದೆ ಮಿದುಳು ಕೆರಳುತ್ತದೆ.

ಆ ಗಾಬಾ ರಿಸೆಪ್ಟರಿನ ಜೀನ್ ಸಿಕ್ಕಿದ್ದು ನುಸಿಯಿಂದಲೇ. ಡೀಲ್ಡ್ರಿನ್ ಎಂಬ ಹಳೆಯ ಮದ್ದಿಗೆ ಸಾಯದ ನುಸಿಗಳಲ್ಲಿ ಹುಡುಕುತ್ತಾ ಹೋದಾಗ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದು ಕಂಡಿತು, ಅಲನಿನ್ ಇರಬೇಕಾದಲ್ಲಿ ಸೆರಿನ್. ಆಮೇಲೆ ಎಂಡೋಸಲ್ಫಾನ್‌ಗೆ ಬಗ್ಗದ ಕಾಫಿ ಕಾಯಿ ಕೊರಕದಲ್ಲಿಯೂ, ದೂರದ ನ್ಯೂ ಕ್ಯಾಲಡೋನಿಯಾದಲ್ಲಿ, ಅದೇ ಜಾಗದಲ್ಲಿ ಅದೇ ಬದಲಾವಣೆ ಸಿಕ್ಕಿತು. ಕಾಫಿ ಬೆಳೆಯುವವರು ‘ಮದ್ದು ಹೊಡೆದರೂ ಹುಳ ಸಾಯ್ತಿಲ್ಲ’ ಅಂದಾಗ ನನಗೆ ಈ ಒಂದು ಅಕ್ಷರದ ಬದಲಾವಣೆ ನೆನಪಾಗುತ್ತದೆ. ಡೋಸ್ ಏರಿಸಿ ಗೆಲ್ಲುವ ಜಗಳ ಅಲ್ಲ ಇದು.

ಅಡಿಕೆಯನ್ನೂ ಹೇಳದೆ ಇರಲಾರೆ. ಅದರ ಅರಿಕೋಲಿನ್ ಮುಟ್ಟುವುದು ಅಸಿಟೈಲ್‌ಕೋಲಿನ್‌ನ ಇನ್ನೊಂದು ಗುಂಪನ್ನು, ಮಸ್ಕರಿನಿಕ್ ರಿಸೆಪ್ಟರುಗಳನ್ನು. ಕವಳ ಹಾಕಿದಾಗ ಬಾಯಲ್ಲಿ ನೀರು ಬರುವುದು, ಮೈ ಬೆಚ್ಚಗಾಗುವುದರ ಹಿಂದೆ ಅದಿದೆ. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣ ಎಂಬುದೂ ಅಷ್ಟೇ ಖಚಿತ, ಅದನ್ನು ಬೆಳೆಯುವ ಊರಿನಲ್ಲಿ ಕೂತು ಹೇಳುವುದು ಕಷ್ಟವಾದರೂ.

ಮುಂದಿನ ಹೆಜ್ಜೆ ಕಂಪ್ಯೂಟರಿನಲ್ಲಿ

ಫ್ಲೈಬೇಸ್ ಎಂಬ ಜಾಲತಾಣ ಉಚಿತ. ಹುಡುಕುವ ಜಾಗದಲ್ಲಿ ಇಂಗ್ಲಿಷಿನ ಆರ್, ಡಿ, ಎಲ್ ಮೂರಕ್ಷರ ಹೊಡೆಯಿರಿ, ಆ ಗಾಬಾ ರಿಸೆಪ್ಟರಿನ ಜೀನ್ ಬರುತ್ತದೆ. ಓ, ಆರ್, ಟಿ ಹೊಡೆದರೆ ಕಣ್ಣಿನ ಹಿಸ್ಟಮಿನ್ ರಿಸೆಪ್ಟರ್. ಯಾವ ಕ್ರೋಮೊಸೋಮ್, ಎಲ್ಲಿ ಕೆಲಸ ಮಾಡುತ್ತದೆ, ಮನುಷ್ಯರಲ್ಲಿ ಅದಕ್ಕೆ ನೆಂಟ ಜೀನ್ ಯಾವುದು, ಎಲ್ಲ ಇದೆ. ಮೊದಲ ಸಲ ಪುಟ ನೋಡಿ ಹೆದರಬೇಡಿ, ಮೇಲಿನ ಸಾರಾಂಶ ಓದಿ, ಆಮೇಲೆ ಮನುಷ್ಯರ ಜೀನ್ ಇರುವ ಭಾಗಕ್ಕೆ ಇಳಿಯಿರಿ, ಅಷ್ಟು ಸಾಕು. ಮೊದಲಲ್ಲಿ ಹೇಳಿದ ಮಿದುಳಿನ ನಕ್ಷೆಯ ಹೆಸರು ಫ್ಲೈವೈರ್, ಅದರಲ್ಲಿ ಒಂದು ನರಕೋಶ ಆರಿಸಿದರೆ ಅದು ಯಾವ ಕೂಗು ಹಾಕುತ್ತದೆ ಎಂಬ ಅಂದಾಜೂ ಸಿಗುತ್ತದೆ. ಕೇಳುವ ಕಿವಿ ಯಾವುದು ಎನ್ನುವುದು ನಕ್ಷೆಯ ಚಿತ್ರಗಳಲ್ಲಿ ಕಾಣುವುದಿಲ್ಲ, ಅದನ್ನು ಜೀನ್‌ಗಳ ಕಡೆಯಿಂದ ಹುಡುಕಬೇಕು. ಎರಡೂ ಪುಟಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಳ್ಳಿ.

ಕೆಲಸ ಮುಗಿದ ಮೇಲೆ ಬಾಟಲಿಗಳನ್ನು ಅಡುಗೆಮನೆಯಲ್ಲಿ ತೆರೆಯಬೇಡಿ. ಕಾಡಿನಂಚಿನಲ್ಲಿ, ಮನೆಯಿಂದ ದೂರ, ನೀವು ಹಿಡಿದ ಊರಿನ ನುಸಿಗಳನ್ನು ಬಿಟ್ಟುಬಿಡಿ. ಲ್ಯಾಬಿನಿಂದ ತಂದ ತಳಿಯಾದರೆ ಮಾತ್ರ ಹೊರಗೆ ಬಿಡಬಾರದು, ಬಾಟಲಿ ಸಮೇತ ಒಂದು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ತೊಳೆಯಿರಿ.